ಹಳೆ ಟೇಪ್ ರೆಕಾರ್ಡರಿಗೆ ದಾವಣಗೆರೆಯಲ್ಲೊಂದು ಒಳ್ಳೆ ರಿಪೇರಿ ಅಂಗಡಿ

ಅಶೋಕ ರಸ್ತೆಯ ಆಸುಪಾಸಿನಲ್ಲಿರುವ ಈ ಸಣ್ಣ ಅಂಗಡಿಯಲ್ಲಿ ಟೂ-ಇನ್-ಒನ್, ಕ್ಯಾಸೆಟ್ ಡೆಕ್ ಎರಡನ್ನೂ ರಿಪೇರಿ ಮಾಡುತ್ತಾರೆ. ಬೆಲ್ಟ್ ಬದಲಿಸಿ ಕಳಿಸುವವರು ಬೇರೆ ಕಡೆಯೂ ಸಿಗಬಹುದು. ಟೇಪಿನಿಂದ ನಾದವನ್ನು ಓದುವ ಹೆಡ್ಡಿನ ಓರೆಯನ್ನು ಕಿವಿಗೊಟ್ಟು ಸರಿಪಡಿಸುವವರು ಅಪರೂಪ, ಇಲ್ಲಿ ಅದು ಸಿಗುತ್ತದೆ.

ಅಟ್ಟದಿಂದ ಇಳಿಸಿದ ಸೆಟ್ಟಿನಲ್ಲಿ ಮೊದಲು ಕೈಕೊಟ್ಟಿರುವುದು ಬೆಲ್ಟ್. ಕೆಲವು ಕರಗಿ ಡಾಂಬರಿನಂತೆ ಪುಲ್ಲಿಗೆ ಅಂಟಿರುತ್ತವೆ. ಅದನ್ನು ಪೂರ್ತಿ ತೊಳೆಯದಿದ್ದರೆ ಹೊಸ ಬೆಲ್ಟೂ ಜಾರುತ್ತದೆ. ಟೇಪ್ ಸಿಕ್ಕಿಕೊಳ್ಳುವುದಕ್ಕೂ ಬಹಳ ಸಲ ಇದೇ ಕಾರಣ: ಟೇಪನ್ನು ಓಡಿಸುವ ಸಣ್ಣ ಲೋಹದ ಕಡ್ಡಿಯಾದ ಕ್ಯಾಪ್‌ಸ್ಟನ್ ಟೇಪನ್ನು ತಳ್ಳುತ್ತಲೇ ಇರುತ್ತದೆ, ಸುತ್ತಿಕೊಳ್ಳಬೇಕಾದ ಚಕ್ರ ನಿಂತಿರುತ್ತದೆ. ಇಲ್ಲಿ ಪುಲ್ಲಿಯನ್ನು ಚೊಕ್ಕವಾಗಿ ತೊಳೆಯುತ್ತಾರೆ. ಬೆಲ್ಟಿನ ಬೆಲೆ, ಕೂಲಿ ಎರಡನ್ನೂ ಬೇರೆ ಬೇರೆ ಬರೆದು ಕೊಡುತ್ತಾರೆ.

ಟೇಪಿನ ಅಗಲ 3.81 ಮಿ.ಮೀ. ಮಾತ್ರ. ಅಷ್ಟರಲ್ಲೇ ಎರಡೂ ಸೈಡಿನ ಸ್ಟೀರಿಯೊ ಇದೆ. ಹಾಗಾಗಿ ಹೆಡ್ ಕೂದಲೆಳೆಯಷ್ಟು ಓರೆಯಾದರೂ ಮೊದಲು ಹೋಗುವುದು ಮೇಲಿನ ನಾದ: ತಾಳದ ಕಿಣಿ, ಗಾಯಕರ ಸಕಾರ, ತಬಲಾದ ಅಂಚು. ಜನ ಇದನ್ನು ಕ್ಯಾಸೆಟ್ ಹಾಳಾಗಿದೆ ಎಂದುಕೊಳ್ಳುತ್ತಾರೆ. ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ತಿರುಪನ್ನು, ಹಾಡು ಓಡುತ್ತಿರುವಾಗಲೇ, ನಾದ ತೀರಾ ನಿಚ್ಚಳವಾಗುವವರೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ನೀವು ಹೆಚ್ಚು ಕೇಳುವ ಕ್ಯಾಸೆಟ್ಟನ್ನೇ ಒಯ್ಯಿರಿ. ಮಸುಕಾಗಿದ್ದ ವಚನಗಾಯನದಲ್ಲಿ ಹಾರ್ಮೋನಿಯಂನ ಉಸಿರು ಕೂಡ ಎದ್ದು ಬರುವುದನ್ನು ಅಲ್ಲೇ ನಿಂತು ಕೇಳಬಹುದು. ಇಷ್ಟಕ್ಕಾಗಿಯೇ ಅಲ್ಲಿಗೆ ಹೋಗಬೇಕು. ಆದರೆ ತಿರುಪು ಸಡಿಲವಾಗದಂತೆ ಬಣ್ಣದ ಹನಿ ಹಾಕುವುದನ್ನು ಬಿಟ್ಟುಬಿಡುತ್ತಾರೆ, ಕೇಳಿ ಹಾಕಿಸಿಕೊಳ್ಳಿ.

ವೇಗವನ್ನು ಅಂದಾಜಿನಲ್ಲೇ ಹೊಂದಿಸುತ್ತಾರೆ, ಇದು ಸಾಲದು. ಟೇಪ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. 5 ನಿಮಿಷದ ಹಾಡು 9 ಸೆಕೆಂಡ್ ಹೆಚ್ಚು ಹಿಡಿದರೆ ವೇಗ ಸುಮಾರು ಶೇ. 3ರಷ್ಟು ಕಡಿಮೆ ಎಂದರ್ಥ; ಶ್ರುತಿ ಅರ್ಧ ಸ್ವರಸ್ಥಾನದಷ್ಟು ಇಳಿದಿರುತ್ತದೆ. ಮೊಬೈಲಿನಲ್ಲಿ ಅದೇ ಹಾಡಿನ ಅದೇ ಧ್ವನಿಮುದ್ರಣದ ಅವಧಿ ನೋಡಿಕೊಂಡು ಹೋಗಿ, ಮೋಟರಿನ ಹಿಂದಿನ ರಂಧ್ರದ ಪ್ರೀಸೆಟ್ಟನ್ನು (ವೇಗ ಹೊಂದಿಸುವ ತಿರುಪನ್ನು) ಅದಕ್ಕೆ ತಾಳೆ ಮಾಡಿಸಿ.

ಒಪ್ಪಲಾಗದ್ದು ಪಿಂಚ್ ರೋಲರಿಗೆ (ಟೇಪನ್ನು ಕ್ಯಾಪ್‌ಸ್ಟನ್ನಿಗೆ ಒತ್ತಿ ಹಿಡಿಯುವ ರಬ್ಬರ್ ಉರುಳೆಗೆ) ಉಪ್ಪುಕಾಗದ ಉಜ್ಜುವ ಅಭ್ಯಾಸ. ಗಟ್ಟಿಯಾಗಿ ಹೊಳೆಯುವ ರಬ್ಬರನ್ನು ಉಜ್ಜಿದರೆ ಕೆಲವು ದಿನ ಹಿಡಿತ ಬರುತ್ತದೆ, ನಿಜ. ಆದರೆ ಉಜ್ಜಿದ್ದು ಒಂದು ಬದಿಗೆ ಹೆಚ್ಚಾದರೆ ಟೇಪ್ ಮೇಲೋ ಕೆಳಗೋ ಸರಿದು ಅಂಚು ಮಡಚುತ್ತದೆ. ಅದೇ ವ್ಯಾಸ, ಅದೇ ಅಗಲದ ಹೊಸ ರೋಲರ್ ತರಿಸಿಕೊಡಲು ಹೇಳಿ, ತಡವಾದರೂ ಸರಿ.

ಮನೆಯಲ್ಲಿ ಹೆಡ್ ಮತ್ತು ಕ್ಯಾಪ್‌ಸ್ಟನ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್, ರಬ್ಬರಿಗೆ ಸೋಪಿನ ನೀರು ಸಾಕು, ಥಿನ್ನರ್ ಬೇಡ. ಬಹಳ ಕಾಲ ಇಟ್ಟಿದ್ದ ಕ್ಯಾಸೆಟ್ಟನ್ನು ಮೊದಲು ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ, ಆಮೇಲೆ ಕೇಳಿ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಫೆಲ್ಟ್ ಉದುರಿದ್ದರೆ ರದ್ದಿ ಕ್ಯಾಸೆಟ್ಟಿನದನ್ನು ತೆಗೆದು ಇಲ್ಲಿ ಕೂರಿಸಿ ಕೊಡುತ್ತಾರೆ. ಕ್ಯಾಸೆಟ್ಟಿನದು ಐದು ತಿರುಪಿನ ಡಬ್ಬಿಯಾದರೆ ಸುಲಭ. ಅಂಟಿಸಿದ ಡಬ್ಬಿಯನ್ನು ಸೀಳಿ ಬಿಚ್ಚಬೇಕಾಗುತ್ತದೆ, ಅದಕ್ಕೆ ತಿರುಪಿನ ಖಾಲಿ ಡಬ್ಬಿಯೊಂದನ್ನು ಜೊತೆಗೆ ಒಯ್ಯಿರಿ.