ಬಿಲ್ ಇಲ್ಲದ ಕೋವಿ ತೋಟಾ ಮುಟ್ಟಬೇಡಿ, ಕೈ ಮುಗಿದು ಕೇಳ್ತೀನಿ

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಬೆಳೆ ರಕ್ಷಣೆ ಲೈಸೆನ್ಸಿನ ಕೋವಿ ಇಟ್ಕೊಂಡಿರೋರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತೀನಿ.

ನಮ್ಮದು 12 ಬೋರ್ ಒಂಟಿ ನಳಿಗೆ. ಬೇಸಿಗೇಲಿ ಚುನಾವಣೆಗೆ ಅಂತ ಸ್ಟೇಷನ್‌ಗೆ ಕೊಟ್ಟಿದ್ದನ್ನ ಬಿಡಿಸ್ಕೊಂಡು ಬಂದೆ, ತೋಟಾ ತರೋದು ಮಾತ್ರ ಇವತ್ತು ನಾಳೆ ಅಂತ ತಳ್ತಾ ಬಂದೆ. ಭತ್ತ ಹಾಲು ತುಂಬೋ ಹೊತ್ತಿಗೆ ಹಂದಿ ಬಂದು ಗದ್ದೇಲಿ ಉರುಳಾಡೋಕೆ ಶುರು. ಹೊಡೆಯೋಕಲ್ಲ, ಶಿಕಾರಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಮೇಲಕ್ಕೊಂದು ಈಡು ಹಾರಿಸಿ ಬೆದರಿಸೋಕೆ, ಅಷ್ಟೆ. ಅಂಗಡೀಲಿ ಸ್ಟಾಕ್ ಇಲ್ಲ ಅಂದ್ರು. ಆಗ ಸಂತೇಲಿ ಪರಿಚಯದ ಒಬ್ಬರು "ಹೊಸ ಮಾಲು ಅಣ್ಣಾ, ಅರ್ಧ ರೇಟು" ಅಂತ 20 ತೋಟಾ ಕೊಟ್ರು. ಬಿಲ್ ಇಲ್ಲ. ತಗೊಂಡೆ. ತಗೊಂಡೆ ನಾನು!

ಮೊದಲೆರಡು ಸರಿಯಾಗೇ ಹೊಡೀತು. ಮೂರನೇದು "ಢಂ" ಅನ್ನಲಿಲ್ಲ, "ಟುಸ್" ಅಂತು. ಭುಜಕ್ಕೆ ಒದೆತವೇ ಬರಲಿಲ್ಲ. ಹಂದಿ ಅಲ್ಲೇ ಇದಾವೆ ಅನ್ನೋ ಅವಸರದಲ್ಲಿ ಕೋವಿ ಮಡಿಚಿ ತೆರೆದು, ಖಾಲಿ ಎಳೆದು, ಇನ್ನೊಂದು ತುಂಬೋಕೆ ಹೋದೆ. ನನ್ನ ಭಾವ ಕೈ ಹಿಡಿದುಬಿಟ್ರು. "ತಡಿ ಮಾರಾಯ, ನಳಿಗೆ ನೋಡು ಮೊದ್ಲು." ಹಿಂದಿಂದ ನೋಡ್ತೀನಿ, ಮುಂದೆ ಟಾರ್ಚ್ ಹಿಡಿದಿದ್ರೂ ಬೆಳಕೇ ಕಾಣ್ತಿಲ್ಲ. ಬತ್ತಿ (ಮದ್ದಿಗೂ ಚರೆಗೂ ನಡುವಿನ ಅಡೆ), ಚರೆ ಎಲ್ಲಾ ನಳಿಗೆ ನಡುವೆ ಸಿಕ್ಕಿ ಕೂತಿದೆ. ಅದರ ಹಿಂದೆ ಇನ್ನೊಂದು ಈಡು ಹಾರಿಸಿದ್ರೆ ನಳಿಗೆ ಸಿಡಿದು ನನ್ನ ಎಡಗೈ ಹೋಗ್ತಿತ್ತು. ಪಕ್ಕದಲ್ಲಿ ಮಗ ನಿಂತಿದ್ದ. ಬರೀವಾಗ ಈಗಲೂ ಕೈ ನಡುಗ್ತಿದೆ.

ಬೆಳಿಗ್ಗೆ ಬೆಳಕಲ್ಲಿ ಉಳಿದದ್ದನ್ನ ನೋಡಿದೆ. ಹಿತ್ತಾಳೆ ತಳದಲ್ಲಿ ಹಳೇ ಗೀರು. ಬಾಯಿ ಮಡಿಚಿದ್ದ ಅಂಚು ಸವೆದು ಹರಿದಿದೆ. ಒಂದೊಂದರ ಕೇಪು (ಮದ್ದಿಗೆ ಬೆಂಕಿ ಹಚ್ಚೋ ಬಿಲ್ಲೆ) ತಳಕ್ಕಿಂತ ಮೇಲೆದ್ದಿದೆ. ಅಲ್ಲಾಡಿಸಿದ್ರೆ ಒಂದು ಗಲಗಲ ಅನ್ನುತ್ತೆ, ಇನ್ನೊಂದು ಅನ್ನಲ್ಲ. ಹೊಡೆದು ಬಿಸಾಕಿದ ಖಾಲಿಗಳಿಗೇ ಯಾರೋ ಕಲಿಯೋರು ಅಂದಾಜಿಗೆ ಮದ್ದು ತುಂಬಿದಾರೆ. ಕೊಳ್ಳೋವಾಗ ಇದೇ ಕಣ್ಣು ಎಲ್ಲಿ ಹೋಗಿತ್ತೋ.

ತೋಟಾ ಮಾರಿದವರಿಗೆ ಫೋನ್ ಮಾಡಿದೆ. ಮೊದಲು "ನಿಮ್ಮ ಕೋವಿ ಹಳೇದು ಅಣ್ಣಾ." ಆಮೇಲೆ "ಮಳೇಲಿ ತೇವ ಆಗಿರುತ್ತೆ ಬಿಡಿ." ನಾನು ದನಿ ಏರಿಸಿದ ಮೇಲೆ, ತಣ್ಣಗೆ, "ಬಿಲ್ ಇದ್ರೆ ತೋರ್ಸಿ. ಕಂಪ್ಲೇಂಟ್ ಕೊಡ್ತೀರಾ, ಕೊಡಿ, ಮೊದ್ಲು ಒಳಗೆ ಹೋಗೋರು ಯಾರು ನೋಡೋಣ." ಅಲ್ಲಿ ಬಾಯಿ ಕಟ್ಟಿಹೋಯ್ತು. ಗೊತ್ತಿದ್ದೇ ಹೇಳಿದ್ದು ಆ ಮನುಷ್ಯ. ಬಿಲ್ ಇಲ್ಲ ಅಂದ ಕ್ಷಣವೇ ನಾನು ಸಿಕ್ಕಿಹಾಕಿಕೊಂಡಿದ್ದೆ, ಗೊತ್ತಾಗಲಿಲ್ಲ.

ಮನೇಲೇ ತುಂಬಿಸ್ಕೋತೀವಿ ಅನ್ನೋ ಹುಡುಗರೂ ಕೇಳಿ. ಲೈಸೆನ್ಸ್ ಇರೋದು ಕೋವಿ ಇಟ್ಕೊಳ್ಳೋಕೆ, ತೋಟಾ ತಯಾರಿಸೋಕಲ್ಲ. 1959ರ ಆರ್ಮ್ಸ್ ಆಕ್ಟ್‌ನಲ್ಲಿ ಅದಕ್ಕೆ ಬೇರೆ ಲೈಸೆನ್ಸೇ ಬೇಕು. ಲೈಸೆನ್ಸ್ ಇರೋ ಅಂಗಡೀಲಿ, ಬಿಲ್ ಹಾಕಿಸಿ ತಗೊಳ್ಳಿ, ಇಲ್ಲಾಂದ್ರೆ ತಮಟೆ ಬಡೀರಿ. ಟ್ರಿಗರ್ ಎಳೆದ್ರೂ ಈಡು ಹಾರಲಿಲ್ಲ ಅಂದ್ರೆ ನಳಿಗೆ ಬಾಯಿ ಸುರಕ್ಷಿತ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡು ಕಾಯಿರಿ, ತಡವಾಗಿ ಹಾರೋದುಂಟು. ಸದ್ದು ಕಮ್ಮಿ ಅನ್ನಿಸಿದ್ರೆ ಅಲ್ಲಿಗೇ ನಿಲ್ಲಿಸಿ, ನಳಿಗೆ ನೋಡಿ.

ಉಳಿದ 17 ತೋಟಾ ಬೀರುವಿನಲ್ಲಿ ಬೀಗ ಹಾಕಿಟ್ಟಿದೀನಿ. ವಕೀಲರ ಹತ್ರ ಮಾತಾಡಿದೀನಿ, ಸೋಮವಾರ ಅವರ ಜೊತೆ ಸ್ಟೇಷನ್‌ಗೆ ಹೋಗಿ ಎಲ್ಲಾ ಹೇಳಿ ಒಪ್ಪಿಸ್ತೀನಿ.