ಮಾದರಿಯನ್ನು ವಾಪಸ್ ಕಳಿಸಿದ ಲ್ಯಾಬ್

ನಮ್ಮ ಅತ್ತೆಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಯುಗಾದಿಯಿಂದೀಚೆಗೆ ಮೂರು ಸಲ ಉರಿಮೂತ್ರ. ಮೂರು ಸಲವೂ ಬೇರೊಂದು ಕಡೆ ಸಾಮಾನ್ಯ ಮೂತ್ರಪರೀಕ್ಷೆಯಷ್ಟೇ ಮಾಡಿ, ಕೀವುಕಣ ಹೆಚ್ಚಿದೆ ಎಂದು ಬರೆದುಕೊಟ್ಟಿದ್ದರು. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿ ನುಂಗಿ ಬಾಯಿ ಕೆಟ್ಟಿತೇ ಹೊರತು ಉರಿ ಇಳಿಯಲಿಲ್ಲ. ಕೊನೆಗೆ ವೈದ್ಯರು ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಲು ದಾವಣಗೆರೆಯ ಪಿ.ಜೆ. ಬಡಾವಣೆಯ ಈ ಪುಟ್ಟ ಲ್ಯಾಬ್‌ಗೆ ಕಳಿಸಿದರು.

ಮಾಯಕೊಂಡದಿಂದ ಮೂತ್ರದ ಡಬ್ಬಿ ಹಿಡಿದು ಬಸ್ಸು ಹತ್ತಿದ್ದೆ. ಕೌಂಟರ್ ಮುಟ್ಟುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ಅಲ್ಲಿದ್ದ ಹುಡುಗಿ, “ಎಷ್ಟು ಹೊತ್ತಿಗೆ ಹಿಡಿದಿದ್ದು ಅಕ್ಕಾ?” ಎಂದು ಕೇಳಿದವಳೇ ಡಬ್ಬಿಯನ್ನು ವಾಪಸ್ ಸರಿಸಿದಳು. ಸಿಟ್ಟು ನೆತ್ತಿಗೇರಿತು. ಅವಳು ದನಿ ಏರಿಸದೆ ತಿಳಿಸಿ ಹೇಳಿದಳು: ಫ್ರಿಜ್‌ನಲ್ಲಿ ಇಡದೆ ಎರಡು ಗಂಟೆ ಮೀರಿದರೆ, ಅದೂ ಇಂಥ ಬಿಸಿಲಿನಲ್ಲಿ, ಬ್ಯಾಕ್ಟೀರಿಯಾ ಡಬ್ಬಿಯೊಳಗೇ ದುಪ್ಪಟ್ಟಾಗುತ್ತಾ ಹೋಗುತ್ತವೆ; ಇಲ್ಲದ ಸೋಂಕೂ ಇದೆಯೆಂದು ತೋರಬಹುದು. ತಪ್ಪು ಮಾದರಿಗೂ ದುಡ್ಡು ತೆಗೆದುಕೊಂಡು ಏನಾದರೊಂದು ಬರೆದುಕೊಡಬಹುದಿತ್ತು, ನನಗೇನು ಗೊತ್ತಾಗುತ್ತಿತ್ತು?

ಮರುದಿನ ಅತ್ತೆಯನ್ನೇ ಕರೆದೊಯ್ದೆ. ಕೊನೆಯ ಮಾತ್ರೆ ನುಂಗಿ ಎಷ್ಟು ದಿನವಾಯಿತು ಎಂದು ಮೊದಲೇ ಕೇಳಿ ಬರೆದುಕೊಂಡರು. ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಮಾತ್ರ ಹಿಡಿಯುವುದನ್ನು ಆಯಾ ಒಬ್ಬರು ಅತ್ತೆಗೆ ಸಂಕೋಚವಾಗದಂತೆ ಹೇಳಿಕೊಟ್ಟರು.

ಮೂರನೆಯ ದಿನ ಅಲ್ಲಿನ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದು, ಮುಚ್ಚಳ ತೆಗೆಯದೆ ಎರಡು ತಟ್ಟೆಗಳನ್ನು ತೋರಿಸಿದರು. ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಮೆಕಾಂಕಿ ಅಗಾರ್ ಎಂಬ ಜೆಲ್ಲಿಯಂಥದರ ಮೇಲೆ ಗಾಢ ಗುಲಾಬಿ ಚುಕ್ಕಿಗಳು ಒತ್ತೊತ್ತಾಗಿದ್ದವು. ಅವು ಇ. ಕೊಲೈ ಎಂಬ ಬ್ಯಾಕ್ಟೀರಿಯಾ, ಮಿಲಿಲೀಟರಿಗೆ ಒಂದು ಲಕ್ಷಕ್ಕೂ ಹೆಚ್ಚು. ಇನ್ನೊಂದು ತಟ್ಟೆಯ ತಿಳಿಹಳದಿ ಅಗಾರ್ ಮೇಲೆ ತೊಗರಿಕಾಳಿನಗಲದ ಕಾಗದದ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಔಷಧ. ನೈಟ್ರೊಫ್ಯುರಾಂಟೊಯಿನ್ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ, ಗುಡಿಸಿ ಸಾರಿಸಿದ ಅಂಗಳದಂತೆ ಸ್ವಚ್ಛ ವೃತ್ತ. ಸಿಪ್ರೊಫ್ಲಾಕ್ಸಾಸಿನ್ ಬಿಲ್ಲೆಗೆ ಮಾತ್ರ ಬ್ಯಾಕ್ಟೀರಿಯಾ ಅಂಚಿನವರೆಗೂ ಬೆಳೆದು ಅಂಟಿಕೊಂಡಿತ್ತು. ಅತ್ತೆ ಅದನ್ನೇ ಬಹಳ ಹೊತ್ತು ನೋಡಿ, “ಇದಕ್ಕೇನಾ ನಾನು ಅಷ್ಟು ಮಾತ್ರೆ ನುಂಗಿದ್ದು?” ಎಂದರು.

ವರದಿ ನೋಡಿ ವೈದ್ಯರು ಔಷಧ ಬದಲಿಸಿದರು. ನಾಲ್ಕನೆಯ ರಾತ್ರಿ ಅತ್ತೆ ಒಮ್ಮೆಯೂ ಏಳದೆ ಮಲಗಿದ್ದರು.

ಕೊರತೆಗಳೂ ಇವೆ. ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ. ಕೊನೆಗೆ ಎರಡು ಸಾಲು ಕನ್ನಡ ಸೇರಿಸಲು ಏನು ಕಷ್ಟ? ಭಾನುವಾರ ಬಾಗಿಲು ಹಾಕಿರುತ್ತದೆ. ಮೊಣಕಾಲು ನೋವಿನ ವಯಸ್ಸಾದವರೇ ಹೆಚ್ಚು ಬರುವ ಜಾಗದ ಶೌಚಾಲಯದಲ್ಲಿ ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಅದನ್ನು ಅವರ ಅಭಿಪ್ರಾಯದ ಪುಸ್ತಕದಲ್ಲಿಯೂ ಬರೆದು, ಡಾಕ್ಟರಮ್ಮನಿಗೆ ಬಾಯಿಬಿಟ್ಟೂ ಹೇಳಿ ಬಂದಿದ್ದೇನೆ.