ಆರ್‌ಎಸ್-485ಗೆ ಎರಡೇ ವೈರ್ ಸಾಕು ಅಂದರೆ ಒಪ್ಪಬೇಡಿ

ಎರಡು ಕಟ್ಟಡಗಳ ಎನರ್ಜಿ ಮೀಟರ್‌ಗಳನ್ನು ಒಂದೇ ಆರ್‌ಎಸ್-485 ಲೈನಿಗೆ (ಹಲವು ಉಪಕರಣಗಳ ಡೇಟಾವನ್ನು ಒಂದೇ ಕೇಬಲ್ಲಿನಲ್ಲಿ ಸಾಗಿಸುವ ಪದ್ಧತಿ) ಜೋಡಿಸುವ ಕೆಲಸವನ್ನು ಒಬ್ಬ ಗುತ್ತಿಗೆದಾರರಿಗೆ ಕೊಟ್ಟಿದ್ದೆವು. ಎ, ಬಿ ಅಂತ ಎರಡೇ ವೈರ್ ಎಳೆದು, "ಇದು ಡಿಫರೆನ್ಷಿಯಲ್ ಸಾರ್, ಎರಡು ವೈರ್ ನಡುವಿನ ವ್ಯತ್ಯಾಸ ಅಷ್ಟೇ ನೋಡುತ್ತೆ, ಗ್ರೌಂಡ್ ಬೇಕಾಗಲ್ಲ" ಅಂದರು. ಮೊದಮೊದಲು ಡೇಟಾ ಚೆನ್ನಾಗಿಯೇ ಬಂತು. ಆಮೇಲೆ ದೂರದ ಕಟ್ಟಡದ ಮೀಟರ್‌ಗಳ ಪೋರ್ಟ್ ಒಂದೊಂದಾಗಿ ಸುಟ್ಟುಹೋದವು. ಪ್ರತಿ ಸಲವೂ ಅವರದು ಒಂದೇ ಮಾತು: ಮಾಲು ಸರಿಯಿಲ್ಲ, ಬೇರೆ ತರಿಸಿ.

ಮಾಲಿನಲ್ಲಿ ದೋಷವಿರಲಿಲ್ಲ. ಕೇಬಲ್ಲಿನ ಶೀಲ್ಡನ್ನು (ವೈರ್‌ಗಳ ಸುತ್ತಲಿನ ಲೋಹದ ಹೊದಿಕೆ) ಆ ಕಡೆಯ ಪ್ಯಾನಲ್ಲಿನ ಅರ್ತಿಂಗ್‌ಗೆ ಕಟ್ಟಿದ್ದರು. ಈ ತುದಿಯಲ್ಲಿ ಶೀಲ್ಡಿಗೂ ನಮ್ಮ ಗ್ರೌಂಡ್ ಟರ್ಮಿನಲ್‌ಗೂ ಮಧ್ಯೆ ಮಲ್ಟಿಮೀಟರ್ ಹಿಡಿದರೆ 20 ವೋಲ್ಟಿಗೂ ಮೇಲೆ ಎಸಿ! ಅಂದರೆ ಎರಡು ಕಟ್ಟಡಗಳ ಗ್ರೌಂಡ್‌ಗಳ ನಡುವೆಯೇ ಅಷ್ಟು ವ್ಯತ್ಯಾಸ. ದೊಡ್ಡ ಮೋಟರ್ ಆನ್ ಆದಾಗ ಇನ್ನೂ ಏರುತ್ತಿತ್ತು.

ರಿಸೀವರ್, ಅಂದರೆ ಮೀಟರಿನೊಳಗೆ ಸಿಗ್ನಲ್ ಓದುವ ಚಿಪ್, ನೋಡುವುದು ಎ ಮತ್ತು ಬಿ ನಡುವಿನ ವ್ಯತ್ಯಾಸವನ್ನೇ, 200 ಮಿಲಿವೋಲ್ಟ್ ಸಿಕ್ಕರೂ ಅದಕ್ಕೆ ಸಾಕು, ನಿಜ. ಆದರೆ ಆ ಎರಡೂ ವೈರ್‌ಗಳು ಅದರ ಸ್ವಂತ ಗ್ರೌಂಡಿಗೆ ಹೋಲಿಸಿದರೆ -7ರಿಂದ +12 ವೋಲ್ಟ್ ಒಳಗೇ ಇರಬೇಕು. 0ಯಿಂದ 5 ವೋಲ್ಟಿನ ಸಿಗ್ನಲ್, ಅದರ ಮೇಲೆ ಗ್ರೌಂಡ್ ವ್ಯತ್ಯಾಸಕ್ಕೆ ಆಚೀಚೆ 7 ವೋಲ್ಟ್: ಈ ಲೆಕ್ಕದಿಂದ ಬಂದ ಮಿತಿ ಅದು. ನಮ್ಮಲ್ಲಿ ಅದು ಯಾವತ್ತೋ ದಾಟಿತ್ತು. ಹಳೆಯ ಆರ್‌ಎಸ್-232 ಸೀರಿಯಲ್ ಲೈನಿನಲ್ಲಿ ಗ್ರೌಂಡ್ ಬಿಟ್ಟರೆ ಸಾಮಾನ್ಯವಾಗಿ ಡೇಟಾನೇ ಸರಿಯಾಗಿ ಬರುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. 485 ಹಾಗಲ್ಲ, ಸಾಯುವವರೆಗೂ ಕೆಲಸ ಮಾಡುತ್ತಲೇ ಇರುತ್ತದೆ. ನನಗೆ ಸಿಟ್ಟು ಬಂದಿದ್ದೂ ಅದಕ್ಕೇ. ಇದೆಲ್ಲ ಚಿಪ್‌ನ ಡೇಟಾಶೀಟಿನಲ್ಲೇ ಇರುವ ಅಂಕಿಗಳು, ಓದಿದ್ದರೆ ಅಷ್ಟು ಮೀಟರ್ ಉಳಿಯುತ್ತಿದ್ದವು.

ಇನ್ನೊಂದು ಎಡವಟ್ಟೂ ಸಿಕ್ಕಿತು. ಪ್ರತಿ ಮೀಟರಿನಲ್ಲೂ 120 ಓಮ್ ಟರ್ಮಿನೇಶನ್ (ಸಿಗ್ನಲ್ ತುದಿಗೆ ಬಡಿದು ವಾಪಸ್ ಬರದಂತೆ ತಡೆಯುವ ರೆಸಿಸ್ಟರ್) ಜಂಪರ್ ಹಾಕಿಟ್ಟಿದ್ದರು. ಅದು ಲೈನಿನ ಎರಡು ತುದಿಗಳಲ್ಲಿ ಮಾತ್ರ ಇರಬೇಕು. ಪವರ್ ಆಫ್ ಮಾಡಿ ಎ-ಬಿ ನಡುವೆ ಅಳೆದರೆ ಎರಡು ತುದಿಯ 120 ಓಮ್ ಸಮಾಂತರವಾಗಿ ಸೇರಿ ಸುಮಾರು 60 ಓಮ್ ಬರಬೇಕು, ತೀರಾ ಕಡಿಮೆ ಬಂದರೆ ಬಿಲ್ ಪಾಸ್ ಮಾಡಬೇಡಿ.

ಕಟ್ಟಡದಿಂದ ಕಟ್ಟಡಕ್ಕೆ ಲೈನ್ ಹೋಗುವುದಾದರೆ ಐಸೊಲೇಟೆಡ್ ಕನ್ವರ್ಟರೇ (ಎರಡು ಬದಿಗಳ ನಡುವೆ ನೇರ ವಿದ್ಯುತ್ ಸಂಪರ್ಕ ಇಲ್ಲದ್ದು) ಬೇಕು ಅಂತ ಆರ್ಡರಿನಲ್ಲೇ ಬರೆಸಿ. ಅದರ ಐಸೊಲೇಟೆಡ್ ಬದಿಯ ಗ್ರೌಂಡಿಗೆ ಮೂರನೇ ವೈರ್ ಎಳೆಸಿ. ಶೀಲ್ಡ್ ಅರ್ತ್ ಆಗುವುದು ಒಂದೇ ತುದಿಯಲ್ಲಿ ಸಾಕು. ಇದನ್ನು ಓದಿ ಎರಡೂ ಕಟ್ಟಡಗಳ ಅರ್ತಿಂಗ್‌ಗಳನ್ನೇ ಆ ತೆಳು ವೈರಿನಿಂದ ನೇರವಾಗಿ ಜೋಡಿಸಿಬಿಡಬೇಡಿ, ಆ ವ್ಯತ್ಯಾಸದ ಕರೆಂಟೆಲ್ಲ ಅದರಲ್ಲೇ ಹರಿಯುತ್ತದೆ.